ಪಿಗ್ಗಿಯ ಕನ್ನಡಕದಿಂದ ಬೆಂಕಿ ಹೊತ್ತೀತೇ?

ಪ್ರಶ್ನೆ: ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯಲ್ಲಿ ವಿಮಾನ ಅಪಘಾತಕ್ಕೀಡಾಗಿ ನಿರ್ಜನ ದ್ವೀಪ ಸೇರಿದ ಹುಡುಗರು ಪಿಗ್ಗಿ ಎಂಬವನ ಕನ್ನಡಕದಿಂದ ಬೆಂಕಿ ಹೊತ್ತಿಸುತ್ತಾರೆ. ಅವನಿಗಿದ್ದದ್ದು ಸಮೀಪದೃಷ್ಟಿ ದೋಷ. ಅದು ಹೇಗೆ ಸಾಧ್ಯವೆಂದು ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳುತ್ತಿದ್ದಾಳೆ.
– ವಿಜ್ಞಾನ ಶಿಕ್ಷಕರು, ಗಂಗಾವತಿ

ಉತ್ತರ: ಸಾಧ್ಯವಿಲ್ಲ, ಆಕೆಯ ಅನುಮಾನ ಸರಿಯಾಗಿದೆ. ಸಮೀಪದೃಷ್ಟಿಯವರಿಗೆ ಕೊಡುವುದು ನಿಮ್ನ ಮಸೂರ. ಅದು ಕಿರಣಗಳನ್ನು ಕೂಡಿಸದೆ ಚದುರಿಸುವುದರಿಂದ, ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಹಿಡಿದರೂ ಕಾಗದದ ಮೇಲೆ ನಡುವೆ ಮಬ್ಬು ನೆರಳು, ಅಂಚಿಗೆ ಬೆಳಕಿನ ಬಳೆ ಮಾತ್ರ ಕಾಣುತ್ತದೆ. ಮನೆಯ ಹಿರಿಯರು ಪೇಪರ್ ಓದಲು ಹಾಕಿಕೊಳ್ಳುವ ಚಾಳೀಸಿನದು ಪೀನ ಮಸೂರ. ಅದರ ಪವರ್ +2 ಇದ್ದರೆ 50 ಸೆಂಟಿಮೀಟರ್ ದೂರದಲ್ಲಿ ಸೂರ್ಯನ ಬಿಂಬ ಸುಮಾರು ಅರ್ಧ ಸೆಂಟಿಮೀಟರ್ ಅಗಲದ ಚುಕ್ಕೆಯಾಗಿ ಕೂಡುತ್ತದೆ. ಕಾದಂಬರಿಯಲ್ಲಿ ಹುಡುಗರ ನಾಯಕ ರಾಲ್ಫ್ ಮಸೂರವನ್ನು ಹಿಂದೆ ಮುಂದೆ ಸರಿಸಿ, ಇಳಿಹೊತ್ತಿನ ಸೂರ್ಯನ ಬಿಂಬವನ್ನು ಕೊಳೆತ ಕಟ್ಟಿಗೆಯ ಮೇಲೆ ಮೂಡಿಸುವ ಕ್ರಮ ಪೀನ ಮಸೂರಕ್ಕೆ ಮಾತ್ರ ಒಪ್ಪುತ್ತದೆ.

ಸೋಜಿಗವೆಂದರೆ, ಗೋಲ್ಡಿಂಗ್ ಅವರ ತಂದೆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಸ್ವತಃ ಗೋಲ್ಡಿಂಗ್ ಕೂಡ ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಪ್ರಕೃತಿ ವಿಜ್ಞಾನ ಓದಿದ ಮೇಲೆಯೇ ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾದವರು. 1954ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಪಿಗ್ಗಿಗೆ ದೂರದೃಷ್ಟಿ ದೋಷವಿದೆ ಎಂದಿದ್ದರೆ ಬೆಳಕಿನ ಲೆಕ್ಕವೇನೋ ಸರಿಹೋಗುತ್ತಿತ್ತು. ಆದರೆ ಮಕ್ಕಳ ಕಣ್ಣು ಆ ದೋಷವನ್ನು ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುವುದರಿಂದ, ಕನ್ನಡಕ ಕಳೆದುಕೊಂಡ ಹುಡುಗ ಕುರುಡನಂತೆ ತಡಕಾಡುವ ಪ್ರಸಂಗವನ್ನು ಓದುಗರು ನಂಬುತ್ತಿರಲಿಲ್ಲ.

ಕಥೆಗೆ ಆ ಪ್ರಸಂಗ ಬೇಕೇಬೇಕು ಎಂಬುದು ನನ್ನ ಅಭಿಪ್ರಾಯ. ರಾಲ್ಫ್‌ನ ಎದುರಾಳಿ ಜ್ಯಾಕ್ ಕೊಟ್ಟ ಏಟಿಗೆ ಒಂದು ಗಾಜು ಮೊದಲೇ ಒಡೆದಿರುತ್ತದೆ. ಮುಂದೆ ಅವನ ಗುಂಪು ರಾತ್ರಿ ನುಗ್ಗಿದಾಗ, ಸಭೆಯಲ್ಲಿ ಮಾತಾಡುವ ಹಕ್ಕನ್ನು ಕೊಡುವ ಶಂಖವನ್ನು ಮುಟ್ಟದೆ ಉಳಿದ ಕನ್ನಡಕವನ್ನಷ್ಟೇ ಕದ್ದೊಯ್ಯುತ್ತದೆ. ಅಧಿಕಾರ ಶಂಖದಿಂದ ಬೆಂಕಿಯ ಕಡೆಗೆ ಜಾರಿದ್ದು ಅಲ್ಲಿ ಯಾವ ಭಾಷಣವೂ ಇಲ್ಲದೆ ತಿಳಿಯುತ್ತದೆ. ವಿಜ್ಞಾನದ ಪರೀಕ್ಷೆಯಲ್ಲಿ ಈ ತಪ್ಪಿಗೆ ಅಂಕ ಕಳೆಯಿರಿ, ಆದರೆ ಕಾದಂಬರಿಯನ್ನು ಅದಕ್ಕಾಗಿ ಕೆಳಗಿಡಬೇಕಿಲ್ಲ.

ತರಗತಿಯಲ್ಲಿ ಎರಡೂ ಬಗೆಯ ಕನ್ನಡಕಗಳನ್ನು ಕಪ್ಪು ಕಾಗದದ ಮೇಲೆ ಹಿಡಿದು ತೋರಿಸಬಹುದು. ಮಸೂರದ ಮೂಲಕ ಸೂರ್ಯನನ್ನು ಯಾರೂ ನೋಡದಂತೆ ಎಚ್ಚರ ವಹಿಸಿ, ಭತ್ತದ ಹುಲ್ಲಿನ ಬಣವೆಗಳಿಂದ ದೂರವಿರುವ ಜಾಗದಲ್ಲಿ, ಒಂದು ಬಕೆಟ್ ನೀರನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿಸಿ.