‘ನನ್ನ ರಕ್ತವೂ ದಪ್ಪ ಆಗಿದೆ ಮೇಡಂ’

ತೂಕ ಜಾಸ್ತಿ ಇದ್ದು, ಕೋವಿಡ್‌ನಿಂದ ಚೇತರಿಸಿಕೊಂಡು, ಬ್ಲಡ್ ರಿಪೋರ್ಟ್ ಹಿಡಿದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರು ಒಬ್ಬಿಬ್ಬರಲ್ಲ. ಅವರಲ್ಲಿ ಒಬ್ಬರ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು 45ರ ಆಸುಪಾಸು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 36. ಆಸ್ಪತ್ರೆಯಲ್ಲಿ 11 ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದಿದ್ದರು. ಅಮ್ಮ ನಿದ್ದೆ ಮಾಡಲ್ಲ, ಮಾತಾಡಲ್ಲ ಅಂತ ಮಗಳು ಕರೆತಂದಳು.

ಎರಡು ಭೇಟಿ ಸುಮ್ನೆ ಕಳೆದವು. ಮೂರನೆಯ ಸಲ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. ‘ಆರ್‌ಡಿಡಬ್ಲ್ಯೂ 16.4’ ಎಂಬ ಸಾಲಿನ ಸುತ್ತ ಕೆಂಪು ಪೆನ್ನಿನ ಗೆರೆ.

“ಇಷ್ಟು ದಿನ ಮೈ ದಪ್ಪ ಅಂತಿದ್ರು. ಈಗ ನನ್ನ ರಕ್ತವೂ ದಪ್ಪ ಆಗಿದೆ ಮೇಡಂ. ನಾನೇ ಮಾಡಿಕೊಂಡಿದ್ದು.”

ನಾನು ವೈದ್ಯೆ ಅಲ್ಲ. ಅವರ ಡಾಕ್ಟರನ್ನು ಕೇಳಿ ತಿಳಿದುಕೊಂಡು, ಮುಂದಿನ ವಾರ ಇಬ್ಬರೂ ಕೂತು ಆ ಸಾಲನ್ನು ಓದಿದೆವು. ಆ ಅಂಕಿ ರಕ್ತ ಎಷ್ಟು ಮಂದ ಅಂತ ಹೇಳುವುದೇ ಇಲ್ಲ. ಕೆಂಪು ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಅಂತ ಹೇಳುತ್ತದೆ. ಸಾಮಾನ್ಯವಾಗಿ 11.5ರಿಂದ 14.5 ಪರ್ಸೆಂಟ್ ಇರುತ್ತದೆ. ಕೊಬ್ಬು ಜಾಸ್ತಿ ಇರುವ ದೇಹದಲ್ಲಿ ಎಷ್ಟೋ ಸಲ ಸಣ್ಣಗೆ ಉರಿಯೂತ, ಅಂದರೆ ರೋಗದ ವಿರುದ್ಧ ಹೋರಾಡುವ ವ್ಯವಸ್ಥೆಯ ಕೆರಳಿಕೆ, ಇರುತ್ತದೆ. ವೈರಸ್ ಬಂದರೆ ಅದು ಏರುತ್ತದೆ. ಆಗ ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚಾಗಿ, ಮೈಯಲ್ಲಿ ಕಬ್ಬಿಣದ ಅಂಶ ಇದ್ದರೂ ರಕ್ತಕಣ ತಯಾರಾಗುವ ಮೂಳೆಮಜ್ಜೆಗೆ ಅದು ಸರಿಯಾಗಿ ಸಿಗುವುದಿಲ್ಲ. ಹೊಸ ಕಣಗಳು ಒಂದೇ ಅಳತೆಯಲ್ಲಿ ಹುಟ್ಟುವುದಿಲ್ಲ. ಬಳುಕುವ ಗುಣವೂ ಕಡಿಮೆಯಾಗಬಹುದು. 7–8 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲದ ಕಣ ತನಗಿಂತ ಕಿರಿದಾದ ನಾಳದಲ್ಲಿ ನುಸುಳಬೇಕು, ಬಳುಕದಿದ್ದರೆ ಕಷ್ಟ ಅಲ್ವಾ?

ಆಸ್ಪತ್ರೆಗೆ ಸೇರುವಾಗಲೇ ಈ ಅಂಕಿ ಜಾಸ್ತಿ ಇದ್ದ ಕೋವಿಡ್ ರೋಗಿಗಳಿಗೆ ಅಪಾಯವೂ ಜಾಸ್ತಿ ಎಂದು 2020ರಲ್ಲೇ ಗೊತ್ತಾಗಿತ್ತು. ಅದನ್ನೂ ಮುಚ್ಚಿಡಲಿಲ್ಲ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ ಅಂದಾಗ ಮಾತ್ರ ತಲೆ ಎತ್ತಿದರು.

“ಅಂದ್ರೆ ಈ ಕಣಗಳು ಹೋಗ್ತವಾ?”

“ಹೋಗ್ತವೆ. ಹೊಸವು ಬರ್ತವೆ.”

ತುಂಬಾ ಹೊತ್ತು ಅತ್ತರು. ಆಮೇಲೆ ಹೇಳಿದರು: “ಉಸಿರು ಕಟ್ಟುತ್ತಿದ್ದರೂ ಮೂರು ದಿನ ಮನೇಲೂ ಹೇಳಲಿಲ್ಲ. ಮಂಡಿನೋವಿಗೆ ಹೋದರೂ, ಕಿವಿನೋವಿಗೆ ಹೋದರೂ ಮೊದಲು ತೂಕ ಇಳಿಸಿ ಅಂತಾರೆ. ಉಸಿರಿಲ್ಲದಾಗಲೂ ಅದನ್ನೇ ಕೇಳಿಸಿಕೊಳ್ಳಬೇಕಾ ಅನ್ನಿಸಿತು.”

ನನ್ನನ್ನು ಹೆದರಿಸಿದ್ದು 16.4 ಅಲ್ಲ, ಈ ಮೂರು ದಿನ. ನಾಚಿಕೆಯಿಂದ ಯಾರ ತೂಕವೂ ಇಳಿದಿದ್ದನ್ನು ನಾನು ಕಂಡಿಲ್ಲ. ನಾಚಿಕೆಯಿಂದ ಆಸ್ಪತ್ರೆಗೆ ತಡವಾಗಿ ಹೋದವರನ್ನು ಕಂಡಿದ್ದೇನೆ.

ಹಾಗಾಗಿ ಮೊದಲು ತೂಕದ ಮಾತು ಎತ್ತಲಿಲ್ಲ. ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಡಿಸಿದೆ: ‘ಇವತ್ತು ಉಸಿರಾಟದ ತೊಂದರೆಗೆ ಬಂದಿದ್ದೇನೆ. ಮೊದಲು ಅದನ್ನು ನೋಡಿ. ತೂಕದ ಬಗ್ಗೆ ಬೇರೆ ದಿನ ಮಾತಾಡೋಣ.’ ಬಾಯಿ ಬರದಿದ್ದರೆ ಚೀಟಿ ಕೊಟ್ಟರಾಯಿತು. ರಕ್ತಪರೀಕ್ಷೆ ಯಾವಾಗ ಮತ್ತೆ ಮಾಡಿಸಬೇಕು, ಕಬ್ಬಿಣದ ಅಂಶ, ಬಿ12 ನೋಡಬೇಕಾ ಅಂತ ಡಾಕ್ಟರನ್ನೇ ಕೇಳಲು ಹೇಳಿದೆ. ಸುಮ್ನೆ ಕಬ್ಬಿಣದ ಮಾತ್ರೆ ನುಂಗಬೇಡಿ ಅಂದೆ. ಮಗಳಿಗೆ ಹೇಳಿದ್ದು ಒಂದೇ, ಅಮ್ಮನ ರಿಪೋರ್ಟನ್ನು ಊಟದ ಹೊತ್ತಲ್ಲಿ ತೆಗೆಯಬೇಡ.

ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ತೂಕವೂ ಕಾರಣ ತಾನೇ, ಯಾಕೆ ಮರೆಸುತ್ತೀರಿ ಅಂದರು. ನಾನು ಮರೆಸಿಲ್ಲ. ಉರಿಯೂತದ ಬಗ್ಗೆ ಹೇಳುವಾಗಲೇ ಕೊಬ್ಬಿನ ಬಗ್ಗೆಯೂ ಹೇಳಿದ್ದೆ. ಕಾರಣ ಬೇರೆ, ತಪ್ಪು ಬೇರೆ. ಎರಡು ತಿಂಗಳ ನಂತರ ಆ ತಾಯಿಯೇ ತೂಕದ ಮಾತು ತೆಗೆದರು. ಆಗ ಡಯಟೀಷಿಯನ್ ಬಳಿ ಕಳಿಸಿದೆ.

ಮೊನ್ನೆ ಫೋನ್ ಮಾಡಿದ್ದರು. ಮತ್ತೆ ಜ್ವರ, ಕೆಮ್ಮು ಬಂದಿತ್ತಂತೆ. ಮೊದಲ ದಿನವೇ ಹೋಗಿ ತೋರಿಸಿಕೊಂಡರಂತೆ. ಚೀಟಿ ಬೇಕಾಗಲಿಲ್ಲ, ಬಾಯಲ್ಲೇ ಹೇಳಿದೆ ಮೇಡಂ, ಅಂದರು.