ಸಭೆಯ ಸಣ್ಣ ಗುಂಪು ಅನ್ಯಾಯದ ವಿಷಯದಲ್ಲಿ ಏನಾದರೂ ಮಾಡಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸಭೆಯಲ್ಲಿ ಹತ್ತು-ಹನ್ನೆರಡು ಜನ ಸೇರಿ ಸತ್ಯವೇದ ಓದುತ್ತೀರಿ, ಸುತ್ತಲಿನ ಅನ್ಯಾಯ ನೋಡಿಕೊಂಡು ಬರೀ ಪ್ರಾರ್ಥನೆ ಮಾಡಿ ಎದ್ದುಹೋಗಲು ಮನಸ್ಸು ಒಪ್ಪುತ್ತಿಲ್ಲ. ಹಿರಿಯರು ‘ಅದೆಲ್ಲ ರಾಜಕೀಯ, ನಮ್ಮ ಕೆಲಸ ಸುವಾರ್ತೆ’ ಎನ್ನುತ್ತಾರೆ. ಶಿಷ್ಯತ್ವಕ್ಕೂ ಇದಕ್ಕೂ ಸಂಬಂಧ ಇದೆಯಾ, ಇದ್ದರೆ ಮೊದಲ ಹೆಜ್ಜೆ ಯಾವುದು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಂಬಂಧ ಇದೆ. ಮೊದಲ ಹೆಜ್ಜೆ ನಿಮ್ಮದೇ ಸಭೆಯ ಲೆಕ್ಕದ ಪುಸ್ತಕ ತೆರೆಯುವುದು. ಮನವಿ ಪತ್ರ, ಮೆರವಣಿಗೆ ಎಲ್ಲ ಆಮೇಲೆ.

ಯಾಕೆಂದು ತಿಳಿಯಲು ಲೂಕ 19ರ ಜಕ್ಕಾಯನನ್ನು, ಸುಂಕ ವಸೂಲಿ ಮಾಡಿ ಶ್ರೀಮಂತನಾದವನನ್ನು, ನೋಡಿ. ಅವನು ಮರ ಹತ್ತಿದ ಕಥೆ ಸಂಡೇ ಸ್ಕೂಲಿಗೆ ಹೋದ ಮಕ್ಕಳಿಗೆಲ್ಲ ಗೊತ್ತು. ಇಳಿದ ಮೇಲೆ ಅವನು ಹೇಳಿದ ಲೆಕ್ಕವನ್ನು ಮಾತ್ರ ಯಾರೂ ಕೂಡಿ ಕಳೆದು ನೋಡುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್. ಇವು ಎರಡು ಬೇರೆ ಬೇರೆ ಬಾಬ್ತು. ಮೊದಲನೆಯದು ದಾನ, ಎರಡನೆಯದು ಬಾಕಿ ತೀರಿಸುವುದು. ಯಾಜಕಕಾಂಡ 6ರ ಪ್ರಕಾರ ತಪ್ಪು ಮಾಡಿದವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಹಿಂತಿರುಗಿಸಿದರೆ ಸಾಕಿತ್ತು. ನಾಲ್ಕರಷ್ಟು ಎಂಬುದು ವಿಮೋಚನಕಾಂಡ 22ರಲ್ಲಿ ಕುರಿ ಕದ್ದು ಕೊಯ್ದವನಿಗೆ ಅಥವಾ ಮಾರಿದವನಿಗೆ ಇಟ್ಟ ದಂಡ. ಅಂದರೆ ಜಕ್ಕಾಯ ತನ್ನ ಹೆಸರನ್ನು ತಾನೇ ಕಳ್ಳರ ಸಾಲಿನಲ್ಲಿ ಬರೆದುಕೊಂಡ. ಅವನ ಆಸ್ತಿ 100 ಎಂದಿಟ್ಟುಕೊಳ್ಳಿ. 50 ಬಡವರಿಗೆ ಹೋಯಿತು. ಉಳಿದ 50ರಲ್ಲಿ ನಾಲ್ಕರಷ್ಟು ಕೊಡಬೇಕೆಂದರೆ, ಅವನು ಕಿತ್ತುಕೊಂಡದ್ದು ಹನ್ನೆರಡೂವರೆ ದಾಟಿದ ಕೂಡಲೇ ಮನುಷ್ಯ ದಿವಾಳಿ. ಸುಂಕದವರ ಮುಖಂಡನಿಗೆ ಈ ಲೆಕ್ಕ ಹೊಳೆಯದೆ ಇರುತ್ತದೆಯೇ? ‘ಈ ಹೊತ್ತು ಈ ಮನೆಗೆ ರಕ್ಷಣೆ ಬಂತು’ ಎಂಬ ಅರ್ಥದ ಮಾತು ಯೇಸುವಿನ ಬಾಯಿಂದ ಬರುವುದು ಈ ಲೆಕ್ಕ ಕೇಳಿದ ಮೇಲೆ.

ದಾನ ಮಾಡುವಾಗ ‘ಇದು ನನ್ನದು, ಕೊಡುತ್ತಿದ್ದೇನೆ’ ಎಂದುಕೊಂಡು ಕೊಡುತ್ತೇವೆ. ಇದು ನಿಜಕ್ಕೂ ನನ್ನದೇನಾ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಏಳಬೇಕು. ಎಷ್ಟೋ ಸಭೆಗಳು ಕಂಬಳಿ ಹಂಚುತ್ತವೆ, ಈ ಪ್ರಶ್ನೆಯನ್ನು ಮಾತ್ರ ಮುಟ್ಟುವುದಿಲ್ಲ.

ಹಾಗಾಗಿ ಒಂದು ಸಂಜೆ ಕೂತು ಲೆಕ್ಕ ತೆಗೆಯಿರಿ. ಕಟ್ಟಡ ಗುಡಿಸುವವರು, ಕಾವಲು ಕಾಯುವವರು, ವಾಹನ ಓಡಿಸುವವರು, ಸಭೆಯ ಶಾಲೆಯಿದ್ದರೆ ಅಲ್ಲಿಯ ಆಯಾ, ಇವರಿಗೆ ಸಂಬಳ ಎಷ್ಟು? ದಿನಕ್ಕೆ ಎಷ್ಟು ಗಂಟೆ ಕೆಲಸ? ವಾರದ ರಜೆ ಉಂಟಾ? ಕಾನೂನಿನ ಕನಿಷ್ಠ ವೇತನಕ್ಕಿಂತ ಕಡಿಮೆಯಿದೆಯಾ? ಯಾವ ತಾರೀಖಿಗೆ ಹಣ ಕೈಗೆ ಬೀಳುತ್ತದೆ? ಈ ಕೊನೆಯದನ್ನು ಸಣ್ಣದೆಂದು ಬಿಡಬೇಡಿ. ಧರ್ಮೋಪದೇಶಕಾಂಡ 24:15 ಹೊತ್ತು ಮುಳುಗುವುದರೊಳಗೆ ಕೂಲಿ ಕೊಡಬೇಕೆನ್ನುತ್ತದೆ. ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ. ‘ಅವರೂ ದೇವರ ಸೇವೆ ಮಾಡುತ್ತಿದ್ದಾರೆ’ ಎಂಬ ನೆಪದಲ್ಲಿ ಸಂಬಳ ಇಳಿಸಿದ್ದರೆ, ಸಭಾಪಾಲಕರ ಸಂಬಳಕ್ಕೂ ಅದೇ ಮಾತು ಅನ್ವಯಿಸಿದ್ದೀರಾ ಎಂದು ಕೇಳಿಕೊಳ್ಳಿ.

ಕೊರತೆ ಕಂಡರೆ ತಿಂಗಳ ಕೊರತೆಯನ್ನು ತಿಂಗಳುಗಳಿಂದ ಗುಣಿಸಿ, ಮೇಲೆ ಐದನೇ ಒಂದು ಪಾಲು ಸೇರಿಸಿ, ಒಂದೇ ಸಲ ಆಗದಿದ್ದರೆ ತಾರೀಖು ಹಾಕಿದ ಕಂತುಗಳಲ್ಲಿ ಕೊಡಿ. ಕಾಗದದ ಮೇಲೆ ಬರೆದು ಒಂದು ಪ್ರತಿ ಅವರ ಕೈಗೆ ಕೊಡಿ. ಆರಾಧನೆಯ ನಡುವೆ ಮುಂದೆ ಕರೆದು ಕವರ್ ಕೊಟ್ಟು ಚಪ್ಪಾಳೆ ಹೊಡೆಸುವುದು ಮಾತ್ರ ಬೇಡ. ಬಾಕಿ ತೀರಿಸಿದವನಿಗೆ ಚಪ್ಪಾಳೆ ಯಾಕೆ? ಇದೇ ಲೆಕ್ಕವನ್ನು ಗುಂಪಿನ ಪ್ರತಿಯೊಬ್ಬರೂ ತಮ್ಮ ಮನೆಗೆಲಸದವರ, ಅಂಗಡಿಯ ಹುಡುಗರ ವಿಷಯದಲ್ಲೂ ಮಾಡಬೇಕು. ಗುಂಪು ಮೊದಲ ಸಲ ಬಿರುಕು ಬಿಡುವುದು ಸಾಮಾನ್ಯವಾಗಿ ಇಲ್ಲೇ. ಬಿಡಲಿ, ಹೊರಗಿನ ಅನ್ಯಾಯಕ್ಕೆ ಕೈಹಾಕಿದ ಮೇಲೆ ಬಿಡುವುದಕ್ಕಿಂತ ಈಗಲೇ ಬಿಡುವುದು ವಾಸಿ.

ಹಣದ ಜೊತೆಗೆ ಕುರ್ಚಿಯನ್ನೂ ನೋಡಿ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯವನಿಗೆ ಕಾಲಬುಡ ಎಂಬ ತಾರತಮ್ಯವನ್ನು ಯಾಕೋಬ 2 ಖಂಡಿಸುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ, ಮೈಕ್ ಯಾರ ಕೈಯಲ್ಲಿ, ಪಾತ್ರೆ ತೊಳೆಯುವವರು ಯಾರು? ಜಾತಿ, ಬಣ್ಣ, ಭಾಷೆ, ಹಣ ಎಲ್ಲೆಲ್ಲಿ ಗೆರೆ ಎಳೆದಿದೆಯೋ ಅದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಅದನ್ನು ಸರಿಪಡಿಸುವ ದಾರಿ ಅಪೊಸ್ತಲರ ಕೃತ್ಯಗಳು 6ರಲ್ಲಿದೆ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಿದರು ಎಂದು ದೂರು ಬಂತು. ಆಗ ಆರಿಸಿದ ಏಳು ಜನರ ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ಕೊಟ್ಟ ಕಡೆಯವರ ಕೈಗೇ ಹಂಚಿಕೆ ಹೋಯಿತೆಂದು ಕಾಣುತ್ತದೆ.

ಗೆರೆಯನ್ನು ‘ಸದ್ಯಕ್ಕೆ’ ಎಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆಯ ಚರಿತ್ರೆಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 1857ರಲ್ಲಿ ಅಲ್ಲಿಯ ಕೇಪ್ ಪ್ರಾಂತ್ಯದ ಸಿನೊಡ್ (ಸಭೆಯ ಆಡಳಿತ ಮಂಡಳಿ), ಎಲ್ಲರೂ ಒಟ್ಟಿಗೆ ಆರಾಧಿಸುವುದೇ ಸತ್ಯವೇದಕ್ಕೆ ಒಪ್ಪುವಂಥದ್ದು ಎಂದು ಒಪ್ಪಿಕೊಂಡೇ, ‘ಕೆಲವರ ಬಲಹೀನತೆಯ’ ಕಾರಣಕ್ಕೆ ಬೇರೆ ಆರಾಧನೆಗೆ ಅನುಮತಿ ಕೊಟ್ಟಿತು. 1881ರಲ್ಲಿ ಬಣ್ಣದ ಆಧಾರದ ಮೇಲೆ ಬೇರೆ ಸಭೆಯೇ ಹುಟ್ಟಿತು. 1948ರ ನಂತರ ಅಪಾರ್ಥೈಡ್, ಅಂದರೆ ಬಣ್ಣ ನೋಡಿ ಜನರನ್ನು ಬೇರ್ಪಡಿಸುವುದು, ಸರ್ಕಾರದ ನೀತಿಯಾದಾಗ ಅದಕ್ಕೆ ದೇವಶಾಸ್ತ್ರದ ಆಸರೆ ಸಿದ್ಧವಾಗಿತ್ತು. ಆ ಬೇರ್ಪಟ್ಟ ಸಭೆಯೇ 1982ರಲ್ಲಿ, ಇಂಥ ಬೇರ್ಪಡಿಕೆ ಸುವಾರ್ತೆಗೆ ವಿರುದ್ಧ ಎನ್ನುವ ಬೆಲ್ಹಾರ್ ಅರಿಕೆಯ (ನಂಬಿಕೆಯ ಹೇಳಿಕೆ) ಕರಡು ಬರೆದು 1986ರಲ್ಲಿ ಅಂಗೀಕರಿಸಿತು. ಒಂದು ರಿಯಾಯಿತಿಯನ್ನು ತಪ್ಪೆಂದು ಅರಿಕೆ ಮಾಡಲು ಸುಮಾರು 130 ವರ್ಷ.

ಇನ್ನು ‘ರಾಜಕೀಯ’ದ ಮಾತು. ಹಿರಿಯರ ಭಯ ಪೂರ್ತಿ ಹುರುಳಿಲ್ಲದ್ದೇನಲ್ಲ. ಪಕ್ಷಕ್ಕೆ ಜೋತುಬಿದ್ದ ಸಭೆ ಆ ಪಕ್ಷದ ತಪ್ಪನ್ನು ತಪ್ಪೆನ್ನುವ ಬಾಯಿ ಕಳೆದುಕೊಳ್ಳುತ್ತದೆ. ಪ್ರಸಂಗಪೀಠದಿಂದ ಅಭ್ಯರ್ಥಿಯ ಹೆಸರು, ಪಕ್ಷದ ಬಾವುಟ, ಪಕ್ಷದ ದುಡ್ಡು ಯಾವುದೂ ಬೇಡ ಎಂದು ಬರೆದು ಸಹಿ ಮಾಡಿ ಅವರ ಮುಂದಿಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಫಿಲಿಪ್ಪಿಯ ಪೌಲ ಇದ್ದಾನೆ. ವಿಚಾರಣೆಯಿಲ್ಲದೆ ಹೊಡೆಸಿ ಜೈಲಿಗೆ ಹಾಕಿ, ಬೆಳಗಾದ ಮೇಲೆ ಗುಟ್ಟಾಗಿ ಹೊರಟುಹೋಗಿ ಎಂದ ಅಧಿಕಾರಿಗಳಿಗೆ ಅವನು ‘ಅವರೇ ಬಂದು ಕರೆದುಕೊಂಡು ಹೋಗಲಿ’ ಎಂದು ಪಟ್ಟು ಹಿಡಿದ (ಅಪೊಸ್ತಲರ ಕೃತ್ಯಗಳು 16). ಅವರು ಬಂದರು. ಸುವಾರ್ತೆ ಸಾರಲು ಹೋದವನೇ ಹೀಗೆ ಮಾಡಿದ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸೇರಿದ ಸುವಾರ್ತಾ ಸಮ್ಮೇಳನದ ಲೋಸಾನ್ ಒಡಂಬಡಿಕೆಯೂ ಸುವಾರ್ತೆ ಸಾರುವುದು ಮತ್ತು ಸಾಮಾಜಿಕ-ರಾಜಕೀಯ ಹೊಣೆ ಎರಡೂ ಕ್ರೈಸ್ತ ಕರ್ತವ್ಯವೇ ಎಂದಿದೆ. ಅದನ್ನು ಬರೆದದ್ದು ಸುವಾರ್ತಾ ಚಳವಳಿಯವರೇ ಎಂಬುದನ್ನು ಹಿರಿಯರ ಗಮನಕ್ಕೆ ತನ್ನಿ.

ಮನೆ ಒಪ್ಪವಾದ ಮೇಲೆ ಹೊರಗಿನ ಒಂದು ವಿಷಯ ಹಿಡಿಯಿರಿ. ಒಂದೇ, ಅದೂ ಕನಿಷ್ಠ ಒಂದು ವರ್ಷಕ್ಕೆ. ವಾರಕ್ಕೊಂದು ಅನ್ಯಾಯಕ್ಕೆ ಮರುಗುವ ಗುಂಪು ಯಾವುದನ್ನೂ ಅಲುಗಿಸುವುದಿಲ್ಲ.

ಕೆಲಸದ ಕ್ರಮಕ್ಕೆ ನೆಹೆಮೀಯ 5ನೇ ಅಧ್ಯಾಯ ಸಾಕು. ಜನರ ಗೋಳು ಮೂರು ಬಗೆಯದು: ದೊಡ್ಡ ಸಂಸಾರಕ್ಕೆ ಧಾನ್ಯವಿಲ್ಲ, ಬರದಲ್ಲಿ ಹೊಲ, ದ್ರಾಕ್ಷಿತೋಟ, ಮನೆ ಒತ್ತೆಯಿಟ್ಟಿದ್ದಾರೆ, ಅರಸನ ತೆರಿಗೆ ಕಟ್ಟಲು ಸಾಲ ಮಾಡಿ ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆ. ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನಿಗೆ ಸಿಟ್ಟು ಬರುತ್ತದೆ, ಆದರೆ ಅವನು ಮೊದಲು ತನ್ನೊಳಗೆ ಯೋಚಿಸುತ್ತಾನೆ. ಆಮೇಲೆ ಶ್ರೀಮಂತರನ್ನೂ ಅಧಿಕಾರಿಗಳನ್ನೂ ಎದುರಿಸಿ, ದೊಡ್ಡ ಸಭೆ ಸೇರಿಸುತ್ತಾನೆ. ‘ನಾನೂ ನನ್ನವರೂ ಸಾಲ ಕೊಟ್ಟಿದ್ದೇವೆ’ ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ. ಅವನ ಬೇಡಿಕೆಯಲ್ಲಿ ವಸ್ತುಗಳ ಪಟ್ಟಿಯಿದೆ, ಗಡುವಿದೆ: ಹೊಲ, ತೋಟ, ಮನೆ, ನೂರಕ್ಕೊಂದರ ಬಡ್ಡಿ, ಎಲ್ಲ ಇವತ್ತೇ ಹಿಂದಕ್ಕೆ. (ಆ ನೂರಕ್ಕೊಂದು ತಿಂಗಳ ಬಡ್ಡಿ ಎಂದು ಹಲವು ವ್ಯಾಖ್ಯಾನಕಾರರು ಓದುತ್ತಾರೆ, ಹಾಗಾದರೆ ವರ್ಷಕ್ಕೆ ಶೇಕಡ 12.) ಅವರು ಹೂಂ ಎಂದ ಮೇಲೂ ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸುತ್ತಾನೆ. ತಾನು ಮಾತ್ರ ಹನ್ನೆರಡು ವರ್ಷ ಅಧಿಪತಿಗೆ ಸಲ್ಲುವ ಆಹಾರದ ಭತ್ಯೆ ಮುಟ್ಟುವುದಿಲ್ಲ. ನಿಮ್ಮ ಮನವಿ ಪತ್ರ ಬರೆದ ಮೇಲೆ ಇದರ ಪಕ್ಕದಲ್ಲಿಟ್ಟು ನೋಡಿ. ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದಿದ್ದರೆ ಹೊಡೆದುಹಾಕಿ. ಏನು, ಎಷ್ಟು, ಯಾರು, ಯಾವ ತಾರೀಖಿನೊಳಗೆ ಎಂದು ಬರೆಯಿರಿ.

1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲೂ ನಾಲ್ಕು ಹಂತ ಬರುತ್ತದೆ: ಸತ್ಯಾಂಶ ಕಲೆಹಾಕುವುದು, ಮಾತುಕತೆ, ಆತ್ಮಶುದ್ಧಿ, ಕೊನೆಗೆ ನೇರ ಕ್ರಮ. ಜನ ಹಾರಿಬಿಡುವುದು ಮೂರನೆಯದನ್ನು. ಅಲ್ಲಿ ಅದು ತಾಲೀಮು: ಏಟು ಬಿದ್ದರೆ ತಿರುಗಿ ಹೊಡೆಯದೆ ಇರಬಲ್ಲೆಯಾ, ಜೈಲು ತಡೆದುಕೊಳ್ಳಬಲ್ಲೆಯಾ ಎಂದು ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳುವುದು. ನಿಮ್ಮಲ್ಲಿ ಏಟು ಬೀಳದಿರಬಹುದು. ಕೆಲಸ ಹೋಗಬಹುದು, ನೆಂಟರು ಮಾತು ಬಿಡಬಹುದು, ಕಾಣಿಕೆ ಕೊಡುವ ದೊಡ್ಡ ಮನೆತನ ಸಭೆ ಬಿಡಬಹುದು. ಯಾರಿಗೆ ಎಷ್ಟು ತಡೆದುಕೊಳ್ಳಲು ಆಗುತ್ತದೆ ಎಂದು ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಿ.

ಸತ್ಯಾಂಶ ಕಲೆಹಾಕುವಾಗ ಒಂದು ಹಾಳೆಯಲ್ಲಿ ನಾಲ್ಕು ಕಲಂ ಸಾಕು: ಏನಾಯಿತು (ದಿನಾಂಕ ಸಮೇತ), ಕಣ್ಣಾರೆ ಕಂಡವರು ಯಾರು, ದಾಖಲೆ ಏನಿದೆ, ಇದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ. ‘ಹಾಗಂತೆ’ ಎಂಬುದು ಈ ಹಾಳೆಗೆ ಬರಬಾರದು. ಒಂದು ತಪ್ಪು ಅಂಕಿ ಸಿಕ್ಕರೆ ಎದುರಿನವರು ಉಳಿದ ಒಂಬತ್ತು ಸರಿ ಅಂಕಿಗಳನ್ನೂ ಅದರಲ್ಲೇ ಮುಳುಗಿಸುತ್ತಾರೆ. ನೊಂದವರನ್ನು ಮೂರು ಮಾತು ಕೇಳದೆ ಅವರ ವಿಷಯ ಎಲ್ಲೂ ಎತ್ತಬೇಡಿ: ಇದನ್ನು ಹೊರಗೆ ಹೇಳಬಹುದಾ, ಹೆಸರು ಹಾಕಬಹುದಾ, ಹೇಳಿದರೆ ನಾಳೆ ನಿಮಗೆ ಏನಾಗಬಹುದು? ಮೂರನೆಯದಕ್ಕೆ ಉತ್ತರ ಗೊತ್ತಿರುವುದು ಅವರಿಗೇ. ಮನೆ ಮಾಲೀಕ ಹೊರಗೆ ಹಾಕಿದರೆ ರಾತ್ರಿ ಎಲ್ಲಿ ಮಲಗುವುದು ಎಂಬುದಕ್ಕೆ ನಿಮ್ಮಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಪತ್ರ ಕಳಿಸುವುದನ್ನು ಒಂದು ವಾರ ಮುಂದೂಡಿ. ಹೆಸರು, ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ‘ಪ್ರಾರ್ಥನೆಗಾಗಿ’ ಎಂದೂ ಹಾಕಬೇಡಿ. ಪ್ರಾರ್ಥನಾ ವಿನಂತಿಯ ವೇಷದಲ್ಲಿ ಹರಡುವ ಗುಟ್ಟು ಕಡಿಮೆಯಿಲ್ಲ.

ಒಂದು ವಿಷಯದಲ್ಲಿ ಮಾತುಕತೆಯ ಹಂತವೇ ಇಲ್ಲ. ಮಗುವಿನ ಮೇಲೆ ದೌರ್ಜನ್ಯ, ಲೈಂಗಿಕ ದೌರ್ಜನ್ಯ ಇಂಥದ್ದು ಸಭೆಯೊಳಗೇ ನಡೆದಿದ್ದರೆ ಅದು ಹಿರಿಯರ ಪಂಚಾಯಿತಿಗೆ ಬರುವ ವಿಚಾರವಲ್ಲ. ಮತ್ತಾಯ 18ರ ‘ನೀನೊಬ್ಬನೇ ಹೋಗಿ ತಿಳಿಸು’ ಎಂಬ ಮಾತನ್ನು ಇಲ್ಲಿ ಎಳೆತಂದು, ನೊಂದವಳನ್ನು ನೋಯಿಸಿದವನ ಮುಂದೆ ಕೂರಿಸಿ ಕ್ಷಮಿಸು ಎನ್ನುವುದು ಎರಡನೇ ಪೆಟ್ಟು. ಮಕ್ಕಳ ವಿಷಯವಾದರೆ ಕೂಡಲೇ ಪೊಲೀಸರಿಗೆ ತಿಳಿಸಿ. ದೊಡ್ಡವರಾದರೆ ಅವರ ಇಚ್ಛೆ ಕೇಳಿ, ದೂರು ಕೊಡಲು ಜೊತೆಗೆ ಹೋಗಿ. ಆರೋಪಿ ಎಷ್ಟೇ ಒಳ್ಳೆಯ ಪ್ರಸಂಗಿಯಾದರೂ ಅದೇ ದಿನ ಸೇವೆಯಿಂದ ದೂರ ಇರಿಸಿ.

ಸಮಯದ ಬಗ್ಗೆಯೂ ಭ್ರಮೆ ಬೇಡ. 1787ರಲ್ಲಿ ಲಂಡನ್‌ನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಮಿತಿ ಕಟ್ಟಿದವರು ಹನ್ನೆರಡೇ ಜನ, ಅದರಲ್ಲಿ ಒಂಬತ್ತು ಮಂದಿ ಕ್ವೇಕರರು ಎಂಬ ಸಣ್ಣ ಕ್ರೈಸ್ತ ಪಂಗಡದವರು. ಹೆಚ್ಚುಕಡಿಮೆ ನಿಮ್ಮ ಗುಂಪಿನಷ್ಟೇ. ವ್ಯಾಪಾರ ನಿಷೇಧದ ಕಾನೂನು ಬಂದದ್ದು 1807ರಲ್ಲಿ, ಗುಲಾಮಗಿರಿಯನ್ನೇ ರದ್ದು ಮಾಡಿದ ಕಾನೂನು 1833ರಲ್ಲಿ. ಆಗಲೂ ಪರಿಹಾರವಾಗಿ ಎರಡು ಕೋಟಿ ಪೌಂಡ್ ಹೋದದ್ದು ಒಡೆಯರಿಗೆ, ಬಿಡುಗಡೆಯಾದವರಿಗೆ ಬಿಡಿಗಾಸಿಲ್ಲ. ಕಾನೂನು ಗೆದ್ದ ದಿನ ಜಕ್ಕಾಯನ ಎರಡನೇ ಬಾಬ್ತನ್ನು ಕೇಳುವವರು ಬೇಕಿತ್ತು.

ಕೂಟ ಹೇಗಿರಬೇಕು ಎಂದರೆ, ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ ಸಾಕು. ಅರ್ಧ ಗಂಟೆ ವಾಕ್ಯ, ನಲವತ್ತು ನಿಮಿಷ ಹಾಳೆಯ ಕೆಲಸ, ಕೊನೆಯ ಇಪ್ಪತ್ತು ನಿಮಿಷದಲ್ಲಿ ಯಾರು ಏನು ಯಾವಾಗ ಮಾಡುತ್ತಾರೆಂದು ಬರೆದು ಪ್ರಾರ್ಥನೆ. ಮೊದಲ ಮೂರು ತಿಂಗಳು ಕೇಳಿಸಿಕೊಳ್ಳುವುದಕ್ಕೇ ಇಡಿ, ಯಾವ ಪತ್ರವೂ ಬೇಡ. ಹಣ ಕೂಡಿಸಿದರೆ ಎರಡು ಸಹಿ, ಪ್ರತಿ ಕೂಟದಲ್ಲಿ ಲೆಕ್ಕ ಓದುವುದು. ಒಬ್ಬರ ಮೇಲೇ ಎಲ್ಲ ಬೀಳದಂತೆ ಆರು ತಿಂಗಳಿಗೊಮ್ಮೆ ಜವಾಬ್ದಾರಿ ಬದಲಿಸಿ. ಸಬ್ಬತ್ ಆಜ್ಞೆ ಹೋರಾಟಗಾರರಿಗೂ ಇದೆ.

ಮುಂದಿನ ಕೂಟಕ್ಕೆ ನೆಹೆಮೀಯ 5 ಓದಿಕೊಂಡು ಬನ್ನಿ, ಸಭೆಯ ಖಜಾಂಚಿಯವರಿಂದ ಕಳೆದ ಹನ್ನೆರಡು ತಿಂಗಳ ಸಂಬಳದ ಪಟ್ಟಿ ಕೇಳಿ ತನ್ನಿ. ಅವರು ಕೊಡಲು ಹಿಂದೆ ಮುಂದೆ ನೋಡಿದರೆ ಅದನ್ನೂ ಹಾಳೆಯ ಮೊದಲ ಸಾಲಿನಲ್ಲಿ, ದಿನಾಂಕ ಹಾಕಿ ಬರೆದುಕೊಳ್ಳಿ.