ರೆಫರ್ ಆದ ಮಗು ಮತ್ತೆ ಬಂತೇ?

ಓದುಗರ ಪತ್ರದ ಸಾರ: ಜಿಲ್ಲೆಯ ಹೆರಿಗೆ ಆಸ್ಪತ್ರೆಗಳಿಂದ ಬಂದ ನವಜಾತ ಶಿಶುಗಳ ಶ್ರವಣ ತಪಾಸಣೆಯ ಅಂಕಿಅಂಶ ಕ್ರೋಡೀಕರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಆಸ್ಪತ್ರೆಯಲ್ಲಿ ನೂರಕ್ಕೆ 20 ಮಕ್ಕಳು ‘ರೆಫರ್’ (ಪಾಸಾಗದೆ ಮರುಪರೀಕ್ಷೆಗೆ ಬರಬೇಕಾದವರು), ಇನ್ನೊಂದರಲ್ಲಿ ವರ್ಷವಿಡೀ ಒಂದೂ ಇಲ್ಲ. ಎರಡನೆಯದನ್ನು ಉತ್ತಮ ಎಂದು ಬರೆಯಬಹುದೇ? ಸಾವಿರಕ್ಕೆ ಎಷ್ಟು ಮಕ್ಕಳಿಗೆ ಶ್ರವಣದೋಷ ಎಂದು ಹೇಗೆ ಲೆಕ್ಕ ಹಾಕಲಿ?

ಮಾನ್ಯರೇ,

ಉತ್ತಮ ಎಂದು ಬರೆಯಬೇಡಿ. ಮೊದಲು ಆ ಆಸ್ಪತ್ರೆಯ ರಿಜಿಸ್ಟರ್ ತರಿಸಿ ನೋಡಿ. ಓಎಇ ಪರೀಕ್ಷೆ (ಕಿವಿಯಲ್ಲಿ ಪುಟ್ಟ ಪ್ರೋಬ್ ಇಟ್ಟು ಸದ್ದು ಕೇಳಿಸಿ, ಒಳಗಿವಿ ಮರಳಿಸುವ ಸಣ್ಣ ಸದ್ದನ್ನು ಅಳೆಯುವುದು) ಒಂದು ಜರಡಿ; ವರ್ಷವಿಡೀ ಅದರ ಮೇಲೆ ಏನೂ ಉಳಿಯಲಿಲ್ಲವೆಂದರೆ ಜರಡಿಯೇ ಹರಿದಿರಬಹುದು. ಚೆನ್ನಾಗಿ ಕೇಳುವ ಮಗುವಿಗೂ ಹುಟ್ಟಿದ ಮೊದಲ ದಿನ ಕಿವಿಯ ನಾಳದಲ್ಲಿ ಬಿಳಿ ಅಂಟು, ನಡುಗಿವಿಯಲ್ಲಿ ನೀರು ಉಳಿದಿರುತ್ತದೆ. ಹಾಗಾಗಿ ಕೆಲವಾದರೂ ರೆಫರ್ ಬರಲೇಬೇಕು. ಸೊನ್ನೆ ಬಂದಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ನಡೆದಿರುತ್ತದೆ: ಒಂದೇ ಕಿವಿ ನೋಡಿ ‘ಪಾಸ್’ ಬರೆದಿರುತ್ತಾರೆ, ಮಗು ಅತ್ತು ಪರೀಕ್ಷೆ ಮುಗಿಯದಿದ್ದಾಗ ಖಾಲಿ ಬಿಟ್ಟ ಜಾಗವನ್ನು ಕಂಪ್ಯೂಟರಿಗೆ ಏರಿಸುವವರು ಪಾಸ್ ಎಂದು ಎಣಿಸಿರುತ್ತಾರೆ, ಇಲ್ಲವೇ ಪಾಸ್ ಬರುವತನಕ ಅದೇ ಕಿವಿಯನ್ನು ಮತ್ತೆ ಮತ್ತೆ ಪರೀಕ್ಷಿಸಿರುತ್ತಾರೆ. ಮೂರನೆಯದು ಎಲ್ಲಕ್ಕಿಂತ ಅಪಾಯಕರ. ಕೇಳದ ಕಿವಿ ಒಂದು ಪ್ರಯತ್ನದಲ್ಲಿ ತಪ್ಪಾಗಿ ಪಾಸಾಗುವ ಸಾಧ್ಯತೆ ನೂರಕ್ಕೆ 1 ಎಂದಿಟ್ಟುಕೊಂಡರೂ, ಹತ್ತು ಸಲ ಯತ್ನಿಸಿದರೆ ಅದು 10ರ ಹತ್ತಿರಕ್ಕೆ ಏರುತ್ತದೆ. ಎಷ್ಟು ಸಲ ಪರೀಕ್ಷಿಸಿದರು ಎಂಬ ಕಾಲಂ ನಿಮ್ಮ ನಮೂನೆಯಲ್ಲಿ ಇರಲೇಬೇಕು.

ಇನ್ನು 20%ರ ಆಸ್ಪತ್ರೆ. ಎರಡು ಹಂತದ ತಪಾಸಣೆ ಮುಗಿದ ಮೇಲೆ ರೆಫರ್ ಪ್ರಮಾಣ 4%ಕ್ಕಿಂತ ಕಡಿಮೆ ಇರಬೇಕೆಂಬುದು ಎಲ್ಲೆಡೆ ಬಳಕೆಯಲ್ಲಿರುವ ಮಾನದಂಡ. ಮೊದಲ ಓಎಇಯಲ್ಲೇ ಅಷ್ಟಕ್ಕೆ ನಿಲ್ಲುವುದಿಲ್ಲ, ಆದರೆ 20 ಜಾಸ್ತಿಯೇ. ಅಲ್ಲಿನ ದತ್ತಾಂಶವನ್ನು ಮೂರು ರೀತಿ ಒಡೆದು ನೋಡಿ: ಪರೀಕ್ಷೆಯ ಹೊತ್ತಿಗೆ ಮಗುವಿಗೆ ಎಷ್ಟು ಗಂಟೆ, ಪರೀಕ್ಷಿಸಿದವರು ಯಾರು, ಯಾವ ತಿಂಗಳು. 24 ಗಂಟೆಯೊಳಗಿನ ಮಕ್ಕಳಲ್ಲಿ ಮಾತ್ರ ಏರಿದ್ದರೆ ಪರೀಕ್ಷೆಯನ್ನು ಡಿಸ್ಚಾರ್ಜ್ ಹೊತ್ತಿಗೆ ಮುಂದೂಡಿದರೆ ಸಾಕು. ಒಬ್ಬರ ಕೈಯಲ್ಲಿ ಮಾತ್ರ ಏರಿದ್ದರೆ ಪ್ರೋಬ್ ಕೂರಿಸುವುದನ್ನು, ಸರಿಯಾದ ಅಳತೆಯ ಟಿಪ್ ಆರಿಸುವುದನ್ನು ಮತ್ತೆ ಕಲಿಸಬೇಕು. ಒಂದು ತಿಂಗಳಿಂದ ಎಲ್ಲರ ಕೈಯಲ್ಲೂ ಏರಿದ್ದರೆ ಪ್ರೋಬಿನ ತೂತು ಕಟ್ಟಿಕೊಂಡಿದೆಯೇ, ಪರೀಕ್ಷೆಯ ಜಾಗ ಗದ್ದಲದ ವಾರ್ಡಿಗೆ ಬದಲಾಯಿತೇ ವಿಚಾರಿಸಿ. ಹಾಲು ಕುಡಿದು ಮಲಗಿದ ಮಗುವೇ ಈ ಪರೀಕ್ಷೆಗೆ ತಕ್ಕದ್ದು.

ರೆಫರ್ ಎಂದರೆ ಕಿವುಡಲ್ಲ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಲೆಕ್ಕಕ್ಕಾಗಿ 10,000 ಮಕ್ಕಳನ್ನು ತೆಗೆದುಕೊಳ್ಳೋಣ. ಸಾವಿರಕ್ಕೆ 2ರಂತೆ 20 ಮಕ್ಕಳಿಗೆ ದೋಷವಿದೆ, ಪರೀಕ್ಷೆ ಅವರಲ್ಲಿ 18 ಮಕ್ಕಳನ್ನು ಹಿಡಿಯುತ್ತದೆ, ಕೇಳುವವರಲ್ಲಿ 5%ರಷ್ಟು ಮಕ್ಕಳನ್ನು ತಪ್ಪಾಗಿ ರೆಫರ್ ಮಾಡುತ್ತದೆ ಅನ್ನಿ. ಆಗ 18ರ ಜೊತೆಗೆ 499 ಸೇರಿ 517 ರೆಫರ್. ಕರೆದ ಮೂವತ್ತು ತಾಯಂದಿರಲ್ಲಿ ಹೆಚ್ಚುಕಡಿಮೆ ಒಬ್ಬರ ಮಗುವಿಗೆ ಮಾತ್ರ ನಿಜವಾದ ದೋಷ. ಆ ಒಂದು ಮಗುವನ್ನು ಮುಟ್ಟಬೇಕಾದರೆ ಮೂವತ್ತೂ ಮಕ್ಕಳು ಮರಳಿ ಬರಬೇಕು. ಈ ಕೆಲಸ ಸೋಲುವುದು ಇಲ್ಲೇ. ಅಮೆರಿಕದಲ್ಲಿ 2007ರ ಹೊತ್ತಿಗೇ ಬಹುತೇಕ ಎಲ್ಲ ಶಿಶುಗಳ ತಪಾಸಣೆ ಆಗುತ್ತಿತ್ತು. ಆದರೂ ರೆಫರ್ ಆದವರಲ್ಲಿ ಅರ್ಧದ ಹತ್ತಿರ ಮಕ್ಕಳು ಮುಂದೆ ಏನಾದರು ಎಂಬುದಕ್ಕೆ ದಾಖಲೆ ಇರಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಯ ತೊಡಕೂ ಇದೇ. 10,000ದಲ್ಲಿ 500 ರೆಫರ್, ಮರಳಿ ಬಂದವರು 200, ಬೆರಾ ಪರೀಕ್ಷೆಯಲ್ಲಿ (ಸದ್ದಿಗೆ ಶ್ರವಣನರ, ಮಿದುಳಕಾಂಡ ಕೊಡುವ ಪ್ರತಿಕ್ರಿಯೆ ಅಳೆಯುವುದು) ಖಚಿತವಾದದ್ದು 8 ಎಂದಿಟ್ಟುಕೊಳ್ಳಿ. 8ನ್ನು 10,000ಕ್ಕೆ ಹೋಲಿಸಿದರೆ ಸಾವಿರಕ್ಕೆ 0.8, ಬಾರದ 300 ಮಕ್ಕಳೆಲ್ಲರೂ ಕೇಳುತ್ತಾರೆಂದು ಒಪ್ಪಿದಂತೆ. ಬಂದವರಲ್ಲಿದ್ದ ಪ್ರಮಾಣವೇ ಬಾರದವರಲ್ಲೂ ಇದೆ ಎಂದರೆ ಸಾವಿರಕ್ಕೆ 2. ಆದರೆ ಮಗು ಸದ್ದಿಗೆ ತಿರುಗುತ್ತಿಲ್ಲವೆಂದು ಅನುಮಾನ ಬಂದವರೇ ಹೆಚ್ಚಾಗಿ ಮರಳಿ ಬಂದಿದ್ದರೆ ಇದು ಹೆಚ್ಚಾಯಿತು. ಎರಡೂ ಅಂಕಿ ಕೊಟ್ಟು, 300 ಮಕ್ಕಳ ಸುದ್ದಿ ಇಲ್ಲ ಎಂದು ಪಕ್ಕದಲ್ಲೇ ಬರೆಯಿರಿ. ಒಂದೇ ಅಂಕಿ ಕೊಟ್ಟರೆ ಓದುವವರಿಗೆ ಆ 300 ಮಕ್ಕಳು ಕಾಣುವುದೇ ಇಲ್ಲ.

ಸುದ್ದಿ ಇಲ್ಲದವರೆಲ್ಲ ಪರೀಕ್ಷೆ ತಪ್ಪಿಸಿಕೊಂಡವರಲ್ಲ. ಮನೆಯವರು ನೇರವಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಖಾಸಗಿ ಆಡಿಯಾಲಜಿಸ್ಟರ ಬಳಿಗೋ ಹೋಗಿದ್ದು, ಫಲಿತಾಂಶ ನಿಮ್ಮ ರಿಜಿಸ್ಟರಿಗೆ ತಲುಪದೇ ಇರಬಹುದು. ಇವರಿಗೆ ಬೇರೆ ಕೋಡ್ ಇಡಿ. ನಮ್ಮಲ್ಲಿ ಇನ್ನೊಂದು ಕಾರಣ ತವರುಮನೆಯ ಬಾಣಂತನ. ಹೆರಿಗೆ ಒಂದು ತಾಲ್ಲೂಕಿನಲ್ಲಿ, ವಿಳಾಸ ಇನ್ನೊಂದರಲ್ಲಿ, ಫೋನ್ ನಂಬರ್ ಗಂಡನದು, ಮಗುವಿಗೆ ಇನ್ನೂ ಹೆಸರಿಲ್ಲ. ಹೆಸರಿನಿಂದ ಹುಡುಕಿದರೆ ಒಂದೇ ಮಗು ಎರಡು ಸಲ ಎಣಿಕೆಯಾಗುತ್ತದೆ, ಅವಳಿಗಳು ಒಂದಾಗುತ್ತಾರೆ. ತಾಯಿ ಕಾರ್ಡಿನ ಆರ್‌ಸಿಎಚ್ (ತಾಯಿ-ಮಗು ಆರೋಗ್ಯ ಸೇವೆಯ ನೋಂದಣಿ) ಸಂಖ್ಯೆ, ಹುಟ್ಟಿದ ದಿನ, ಹೆರಿಗೆಯಲ್ಲಿ ಎಷ್ಟನೇ ಮಗು ಎಂಬ ಮೂರನ್ನು ಸೇರಿಸಿ ಗುರುತು ಮಾಡಿ. ತವರಿನ ವಿಳಾಸ, ಅಜ್ಜಿಯ ಮನೆಯ ಫೋನ್ ಎರಡನ್ನೂ ಬರೆಸಿ. ಎರಡನೇ ಓಎಇಯನ್ನು ಆರನೇ ವಾರದ ಲಸಿಕೆಯ ದಿನಕ್ಕೇ ಹೊಂದಿಸಿದರೆ ಪ್ರತ್ಯೇಕವಾಗಿ ಕರೆಯುವ ಕಷ್ಟ ತಪ್ಪುತ್ತದೆ. ಮೊದಲ ಸಲ ಒಂದೇ ಕಿವಿ ರೆಫರ್ ಆಗಿದ್ದರೂ ಅಂದು ಎರಡೂ ಕಿವಿ ನೋಡಬೇಕು.

ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಐದು ದಿನಕ್ಕಿಂತ ಹೆಚ್ಚು ಇದ್ದ ಮಕ್ಕಳನ್ನು ಈ ಪಟ್ಟಿಯಲ್ಲಿ ಬೆರೆಸಬೇಡಿ. ಓಎಇ ಒಳಗಿವಿಯ ರೋಮಕೋಶಗಳನ್ನಷ್ಟೇ ನೋಡುತ್ತದೆ. ದೋಷ ಶ್ರವಣನರದಲ್ಲಿದ್ದರೆ ಮಗು ಪಾಸಾಗುತ್ತದೆ. ಆ ಮಕ್ಕಳಿಗೆ ಮಿದುಳಕಾಂಡದ ಪ್ರತಿಕ್ರಿಯೆ ಅಳೆಯುವ ಪರೀಕ್ಷೆಯೇ ಆಗಬೇಕು, ಅವರ ಲೆಕ್ಕವೂ ಬೇರೆ.

ನೂರಕ್ಕೆ ಎಷ್ಟು ಮಕ್ಕಳ ತಪಾಸಣೆ ಆಯಿತು ಎಂದು ಲೆಕ್ಕ ಹಾಕುವಾಗ ಛೇದದಲ್ಲಿ ಪರೀಕ್ಷೆಯಾದವರನ್ನಲ್ಲ, ಜೀವಂತವಾಗಿ ಹುಟ್ಟಿದವರೆಲ್ಲರನ್ನೂ ಇಡಿ. ಲೇಬರ್ ವಾರ್ಡಿನ ರಿಜಿಸ್ಟರಿಗೂ ಓಎಇ ರಿಜಿಸ್ಟರಿಗೂ ತಾಳೆ ನೋಡಿದರೆ ಭಾನುವಾರ, ಹಬ್ಬದ ದಿನ ಡಿಸ್ಚಾರ್ಜ್ ಆದ ಮಕ್ಕಳು ಬಿಟ್ಟುಹೋಗಿರುವುದು ಹಲವೆಡೆ ಕಾಣುತ್ತದೆ.

ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ರೋಗನಿರ್ಣಯ, ಆರರೊಳಗೆ ಶ್ರವಣಸಾಧನ ಅಥವಾ ತರಬೇತಿ ಎಂಬ ಗುರಿಯನ್ನು ಹುಟ್ಟಿದ ತಿಂಗಳಿನ ಪ್ರಕಾರ ಅಳೆಯಿರಿ. ಮಾರ್ಚ್ 31ಕ್ಕೆ ವರದಿ ತೆಗೆದರೆ ಫೆಬ್ರವರಿಯ ಮಕ್ಕಳಿಗೆ ಇನ್ನೂ ಮೂರು ತಿಂಗಳಾಗಿರುವುದಿಲ್ಲ. ಅವರನ್ನು ‘ಬಾರದವರು’ ಎಂದು ಸೇರಿಸಿದರೆ ಅನ್ಯಾಯ. ಸಣ್ಣ ಆಸ್ಪತ್ರೆಗಳನ್ನು ಹೋಲಿಸುವಾಗಲೂ ತಾಳ್ಮೆ ಬೇಕು. ಸಾವಿರಕ್ಕೆ 2ರ ಲೆಕ್ಕದಲ್ಲಿ, ವರ್ಷಕ್ಕೆ 1,000 ಹೆರಿಗೆಯ ಆಸ್ಪತ್ರೆಯಲ್ಲಿ ಶ್ರವಣದೋಷದ ಒಂದು ಮಗುವೂ ಹುಟ್ಟದೇ ಇರುವ ಸಾಧ್ಯತೆ ಸುಮಾರು 13.5%. 3,000 ಹೆರಿಗೆಗೆ ಅದು 0.25%ಕ್ಕೆ ಇಳಿಯುತ್ತದೆ. ಆದ್ದರಿಂದ ಸೊನ್ನೆ ರೆಫರ್ ತೋರಿಸಿದ ಆಸ್ಪತ್ರೆಯ ಮೂರು ವರ್ಷದ ರಿಜಿಸ್ಟರುಗಳನ್ನು ಒಟ್ಟಿಗೇ ತರಿಸಿಕೊಳ್ಳಿ.

— ಸಂಪಾದಕ